ಕೃತಕ ರೀಫ್, ನೇತ್ರಾಣಿಯ ಬಂಡೆ: ಮೀನು ಎಣಿಸುವಾಗ ನಾವು ಪಾಲಿಸುವ ಕ್ರಮ

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಇರುವುದು ಸಹಜ ಬಂಡೆ, ಅದರ ಮೇಲೆ ಅಲ್ಲಲ್ಲಿ ಹವಳ. ಕರಾವಳಿಯ ಬೇರೆ ಕಡೆ ಈಚೆಗೆ ಕಾಂಕ್ರೀಟ್ ಬ್ಲಾಕು ಮುಳುಗಿಸಿ ಕೃತಕ ರೀಫ್, ಅಂದರೆ ಮೀನು ಸೇರಲೆಂದು ಕೈಯಾರೆ ಕಟ್ಟಿದ ಬಂಡೆ, ಮಾಡುತ್ತಿದ್ದಾರೆ: ತ್ರಿಕೋನ, ಬಾವಿ ರಿಂಗು, ಬಿಲದಲ್ಲಿ ಅಡಗುವ ಮುರು ಮೀನಿಗೆಂದೇ (ಗ್ರೂಪರ್) ಮಾಡಿದ ಪೆಟ್ಟಿಗೆ. ಎರಡೂ ಕಡೆ ಎಣಿಸಿ "ಕೃತಕದಲ್ಲೇ ಮೀನು ಜಾಸ್ತಿ" ಎಂದು ಯಾರಾದರೂ ಹೇಳಿದರೆ ನಾವು ಮೊದಲು ಕೇಳುವುದು, ಎಷ್ಟು ಜಾಗಕ್ಕೆ ಭಾಗಿಸಿದಿರಿ ಎಂದು.

ಒಂದು ಚದರ ಮೀಟರ್ ತಳದ ಬ್ಲಾಕಿನ ಸುತ್ತ 40 ಮೀನು ಕಂಡವು ಎನ್ನಿ. ಚದರ ಮೀಟರಿಗೆ 40 ಎಂದು ಬರೆದರೆ ಯಾವ ಸಹಜ ಬಂಡೆಯೂ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಆ ಮೀನು ಮೇಯುವುದು ಸುತ್ತಲಿನ ಮರಳಿನಲ್ಲಿ. ಹಾಗಾಗಿ ಎರಡೂ ಕಡೆ 5 ಮೀಟರ್ ತ್ರಿಜ್ಯದ ವೃತ್ತ ಹಿಡಿಯುತ್ತೇವೆ, ಅಂದರೆ 78.5 ಚದರ ಮೀಟರ್. ಅದೇ 40 ಈಗ ಚದರ ಮೀಟರಿಗೆ ಅರ್ಧ ಮೀನಾಗುತ್ತದೆ. ಬರಿ ಮರಳಿನಲ್ಲೂ ಅಂಥದೇ ಒಂದು ವೃತ್ತ ಎಣಿಸಲೇಬೇಕು. ಬ್ಲಾಕು ಬರುವ ಮೊದಲು ಅಲ್ಲಿ ಏನಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಸಿಗದು.

ಎಣಿಸಲು ನೀರಿಗೆ ಇಳಿಯುವುದು ಇಬ್ಬರು ಡೈವರುಗಳು. ಒಬ್ಬರ ಕೈಲಿ ಟೇಪು, ಇನ್ನೊಬ್ಬರ ಕೈಲಿ ಸ್ಲೇಟು, ಪೆನ್ಸಿಲ್. ತಳ ಮುಟ್ಟಿದ ಮೇಲೆ ನಾಲ್ಕೈದು ನಿಮಿಷ ಅಲುಗಾಡದೆ ಇರಬೇಕು. ಗುಳ್ಳೆಯ ಸದ್ದಿಗೆ ಮುರು ಬಿಲದೊಳಗೆ ಸರಿದಿರುತ್ತದೆ, ಸ್ವಲ್ಪ ಹೊತ್ತಿಗೆ ಮೂತಿ ಹೊರಗೆ ಹಾಕುತ್ತದೆ. ಎಣಿಕೆಯ ಮೊದಲ 5 ನಿಮಿಷ ಗುಂಪಾಗಿ ತಿರುಗುವ ಕೊಕ್ಕರ್, ಕೆಂಬೇರಿ ಮೀನುಗಳು; ಆಮೇಲೆ ಟಾರ್ಚು ಹಿಡಿದು ಬಿಲಗಳು. ಈ ಕ್ರಮ ತಿರುವುಮುರುವಾದರೆ ಅದೇ ಗುಂಪು ಸುತ್ತಿ ಬಂದು ಎರಡು ಸಲ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ ನೀರು ಹಸಿರಾಗಿ ಕದಡಿರುತ್ತದೆ. 5 ಮೀಟರ್ ದೂರ ಕಾಣದ ದಿನ ಎಣಿಸದೆ ಮೇಲೆ ಬರುವುದೇ ಲೇಸು.

ಉದ್ದದ ಅಂದಾಜಿನಲ್ಲಿ ಎಲ್ಲರೂ ಎಡವುತ್ತಾರೆ. ಮಾಸ್ಕಿನ ಗಾಜಿನ ಮೂಲಕ ವಸ್ತು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, 30 ಸೆಂ.ಮೀ. ಮೀನು 40 ಅನ್ನಿಸುತ್ತದೆ. ತೂಕ ಸುಮಾರಾಗಿ ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ ಲೆಕ್ಕದಲ್ಲಿ ಅದು ಎರಡು ಪಟ್ಟಿಗಿಂತ ಹೆಚ್ಚಾಗಿಬಿಡುತ್ತದೆ. 10, 20, 30, 40 ಸೆಂ.ಮೀ.ಗೆ ಕತ್ತರಿಸಿದ ಪಿವಿಸಿ ಪೈಪುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಉದ್ದ ಹೇಳುವ ಅಭ್ಯಾಸವನ್ನು ಪ್ರತಿ ಸೀಸನ್ ಶುರುವಾಗುವಾಗ ಮಾಡಬೇಕು.

ಸ್ಲೇಟಿನಲ್ಲಿ ನನಗೆ ಮುಖ್ಯವಾದ ಕಾಲಂ ಮರಿಗಳದ್ದು. ದೊಡ್ಡ ಮೀನು ಪಕ್ಕದ ಬಂಡೆಯಿಂದ ಈಜಿಕೊಂಡು ಬಂದು ಹೊಸ ಬ್ಲಾಕಿನಲ್ಲಿ ನಿಂತರೆ ಸಮುದ್ರದಲ್ಲಿ ಒಂದು ಮೀನೂ ಹೆಚ್ಚಾದ ಹಾಗಲ್ಲ, ಗಾಳ ಹಾಕುವವರಿಗೆ ಸುಲಭವಾಯಿತು ಅಷ್ಟೆ. ಬೆರಳುದ್ದದ ಮರಿಗಳು ವರ್ಷ ವರ್ಷವೂ ಅಲ್ಲೇ ಕಂಡು, ಅಲ್ಲೇ ಬೆಳೆಯುತ್ತಿದ್ದರೆ ಮಾತು ಬೇರೆ. ಮರಿ ಅಲ್ಲಿ ಉಳಿಯುವುದು ಬಿಲದ ಅಳತೆಯ ಮೇಲೆ ನಿಂತಿದೆ. ನೇತ್ರಾಣಿಯ ಬಂಡೆಯಲ್ಲಿ ಬೆರಳು ತೂರುವ ಸಂದಿನಿಂದ ಮನುಷ್ಯ ನುಗ್ಗುವ ಗವಿಯವರೆಗೆ ಎಲ್ಲ ಅಳತೆಯೂ ಉಂಟು. ಅಚ್ಚಿನಲ್ಲಿ ಎರಕ ಹೊಯ್ದ ಬ್ಲಾಕಿನಲ್ಲಿ ಸಾಮಾನ್ಯವಾಗಿ ಎಲ್ಲ ತೂತೂ ಒಂದೇ ಅಗಲ. ಅಲ್ಲಿ ದೊಡ್ಡ ಮುರು ಒಂದು ಕೂತರೆ ಮರಿಗೆ ಓಡಿ ಅಡಗಲು ಜಾಗವಿಲ್ಲ. ಬ್ಲಾಕಿನೊಳಗೆ ಒಡೆದ ಕಲ್ಲು, ಚಿಪ್ಪು ತುಂಬಿದರೆ ಸಣ್ಣ ಸಂದುಗಳು ಸಿಗುತ್ತವೆ. ಖರ್ಚೂ ಹೆಚ್ಚಿಲ್ಲ.

ಜಾಗ ಆರಿಸುವಾಗ ಕಬ್ಬಿಣದ ಸರಳು ಚುಚ್ಚಿ ನೋಡಿ. ಮೊಳದುದ್ದ ಸಲೀಸಾಗಿ ಇಳಿದರೆ ಅದು ಕೆಸರು, ಬ್ಲಾಕು ಕ್ರಮೇಣ ಹೂತುಹೋಗುತ್ತದೆ. ಗಟ್ಟಿ ಮರಳಿನಲ್ಲೂ ಪ್ರವಾಹ ಬುಡದ ಮರಳನ್ನು ಕೊರೆದು ಬ್ಲಾಕನ್ನು ವಾಲಿಸಬಹುದು. ಹಾಗಾಗಿ ಮಳೆಗಾಲದ ಮೊದಲು ಮತ್ತು ಆಮೇಲೆ ತಳದಿಂದ ಬ್ಲಾಕಿನ ಎತ್ತರ ಅಳೆದು ಬರೆದಿಡುತ್ತೇವೆ. ಹರಿದ ಬಲೆ ಸಿಕ್ಕಿಕೊಂಡಿರುವ ಬ್ಲಾಕಿನ ಎಣಿಕೆಯನ್ನು ಸರಾಸರಿಗೆ ಸೇರಿಸುವುದಿಲ್ಲ. ಸ್ಲೇಟಿನಲ್ಲಿ ಪಕ್ಕಕ್ಕೆ "ಬಲೆ" ಎಂದು ಬರೆದು, ಚಾಕು ತಂದು ಬಿಡಿಸುವುದು ಮುಂದಿನ ಡೈವಿನ ಕೆಲಸ.