ಹುತ್ತದಣಬೆಯೋ ವಿಷದಣಬೆಯೋ: ಗುರುತಿಸುವ ಕ್ರಮ

ಮುಂಗಾರು ಹಿಡಿದ ಮೇಲೆ ಹುತ್ತದ ಸುತ್ತ ಏಳುವ ಅಣಬೆಯನ್ನು ಮೇಲಿನ ಬಣ್ಣ ನೋಡಿ ಹೆಸರಿಸಬೇಡಿ. ಗುರುತು ಇರುವುದು ಮಣ್ಣಿನೊಳಗೆ ಮತ್ತು ಕೊಡೆಯ ಅಡಿಯಲ್ಲಿ.

ಕೀಳುವ ಮೊದಲು ಮೇಲಿನಿಂದ, ಪಕ್ಕದಿಂದ, ಅಡಿಯಿಂದ ಫೋಟೊ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ. ಎದ್ದಿರುವುದು ಮಣ್ಣಿನಲ್ಲೋ, ಕೊಳೆತ ಮರದಲ್ಲೋ, ಸಗಣಿಯಲ್ಲೋ ಬರೆದುಕೊಳ್ಳಿ. ಆಮೇಲೆ ಚಾಕುವಿನಿಂದ ಸುತ್ತಲಿನ ಮಣ್ಣು ಸಡಿಲಿಸಿ ಬುಡಸಮೇತ ಎತ್ತಿ. ಹೆಚ್ಚಿನವರು ಎಡವುವುದು ಇಲ್ಲೇ: ಕಾಂಡ ಮುರಿದು ತಂದರೆ ಮುಖ್ಯ ಸಾಕ್ಷಿ ನೆಲದಲ್ಲೇ ಉಳಿಯುತ್ತದೆ.

ದೊಡ್ಡ ಹುತ್ತದಣಬೆಗೆ, ಅಂದರೆ ಟರ್ಮಿಟೊಮೈಸಿಸ್ ಕುಲದ್ದಕ್ಕೆ, ನೆತ್ತಿಯಲ್ಲಿ ಗಟ್ಟಿ ಮೊನೆ ಇರುತ್ತದೆ. ಬುಡ ಬೇರಿನ ಹಾಗೆ ಉದ್ದಕ್ಕೆ ಇಳಿದು ಗೆದ್ದಲು ಸಾಕಿಕೊಂಡ ಶಿಲೀಂಧ್ರದ ಗೂಡನ್ನು ಮುಟ್ಟುತ್ತದೆ. ಗುಂಪಾಗಿ ಏಳುವ ಪುಟ್ಟ ಜಾತಿಯೊಂದಕ್ಕೆ ಮಾತ್ರ ಈ ಉದ್ದ ಬುಡ ಇಲ್ಲ. ಹುತ್ತದಲ್ಲಿರುವುದು ಗೆದ್ದಲೇ ಎಂದು ತಿಳಿಯಲು ಮಣ್ಣಿನಲ್ಲಿ ಓಡುವ ಹುಳುವನ್ನೂ ಪರೀಕ್ಷಿಸಿ. ಗೆದ್ದಲಿಗೆ ಮೀಸೆ ನೇರ, ಸೊಂಟ ದಪ್ಪ. ಇರುವೆಗೆ ಮೀಸೆ ನಡುವೆ ಬಾಗಿದೆ, ಸೊಂಟ ಸಣ್ಣ. ಖಾಲಿ ಹುತ್ತಕ್ಕೆ ಇರುವೆ ಸೇರಿಕೊಳ್ಳುವುದು ಸಾಮಾನ್ಯ.

ಇನ್ನು ಬೀಜಕದ ಅಚ್ಚು, ಅಂದರೆ ಕೊಡೆಯ ಅಡಿಯಿಂದ ಉದುರುವ ಪುಡಿಯಂಥ ಬೀಜಕ ಕಾಗದದ ಮೇಲೆ ಮೂಡಿಸುವ ಬಣ್ಣದ ಗುರುತು. ಪೂರ್ತಿ ಅರಳಿದ ಕೊಡೆಯ ಕಾಂಡ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಅಡಿಭಾಗ ಕೆಳಗೆ ಬರುವಂತೆ ಇಡಿ. ನೆತ್ತಿಗೆ ಒಂದು ಹನಿ ನೀರು ಹಾಕಿ, ಬಟ್ಟಲು ಕವಿಚಿ ರಾತ್ರಿಯಿಡೀ ಬಿಡಿ. ಮೊಗ್ಗಿನಲ್ಲಿ ಬೀಜಕ ಬಲಿತಿರುವುದಿಲ್ಲ. ಮಳೆಯಲ್ಲಿ ನೆಂದ ಕೊಡೆಯ ಅಚ್ಚು ಕಲಸಿಹೋಗುತ್ತದೆ, ಮೊದಲು ಗಾಳಿಗೆ ಆರಿಸಿಕೊಳ್ಳಿ. ಎರಡು ಬಣ್ಣದ ಕಾಗದ ಯಾಕೆಂದರೆ ಬಿಳಿ ಬೀಜಕ ಬಿಳಿ ಹಾಳೆಯ ಮೇಲೆ ಕಾಣುವುದೇ ಇಲ್ಲ.

ಹುತ್ತದಣಬೆಯ ಅಚ್ಚು ನಸುಗುಲಾಬಿ. ಹಸಿರು ಬಂದರೆ ಅದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್: ಹುಲ್ಲುಹಾಸಿನಲ್ಲಿ ಏಳುವ, ಕಂದು ಹೊಪ್ಪಳೆಯ ದೊಡ್ಡ ಬಿಳಿ ಕೊಡೆ. ತಿಂದ ಕೆಲವೇ ಗಂಟೆಗಳಲ್ಲಿ ವಿಪರೀತ ವಾಂತಿಭೇದಿ. ಎಳೆಯದರಲ್ಲಿ ಅಡಿಯ ಪದರಗಳೂ ಬಿಳಿಯೇ, ಆದ್ದರಿಂದ ಅಚ್ಚಿಲ್ಲದೆ ಹೆಸರಿಡುವುದು ಅಪಾಯ. ಅಚ್ಚು ಬಿಳಿ, ಕಾಂಡಕ್ಕೆ ಬಳೆ, ಬುಡದಲ್ಲಿ ಚೀಲ ಇದ್ದರೆ ಅಮಾನಿಟಾ ಕುಲದ ಅಣಬೆ ಎಂದು ಶಂಕಿಸಿ. ಚೀಲ ಮಣ್ಣಿನೊಳಗೇ ಅಡಗಿರುತ್ತದೆ. ಈ ಕುಲದಲ್ಲಿ ಯಕೃತ್ತನ್ನೇ ಕೆಡಿಸುವ ಜಾತಿಗಳಿವೆ, ಅವುಗಳ ಲಕ್ಷಣ ಸಾಮಾನ್ಯವಾಗಿ ಆರು ಗಂಟೆ ದಾಟಿದ ಮೇಲೇ ತೋರುತ್ತದೆ.

ಬೆಳ್ಳಿ ಕಪ್ಪಾಗುತ್ತದೆ, ಹುಳು ತಿಂದಿದ್ದರೆ ವಿಷವಿಲ್ಲ ಎಂಬ ಮಾತುಗಳನ್ನು ನಂಬಬೇಡಿ. ಮಾರಕ ಅಣಬೆಯಲ್ಲೂ ಹುಳು ಹಾಯಾಗಿ ಬೆಳೆಯುತ್ತದೆ. ಈ ಕ್ರಮ ನೋಡಿ ದಾಖಲಿಸುವುದಕ್ಕೆ ಮಾತ್ರ, ಅಡುಗೆಗಲ್ಲ. ಯಾರಾದರೂ ತಿಂದಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ, ಉಳಿದ ಅಣಬೆಯನ್ನು ಪ್ಲಾಸ್ಟಿಕ್‌ನಲ್ಲಲ್ಲ, ಕಾಗದದಲ್ಲಿ ಸುತ್ತಿ ಒಯ್ಯಿರಿ.