ಮಳೆಗಾಲದ ಉಡುಪಿಯಲ್ಲಿ ಕ್ಷೇತ್ರಗಳ ಪಾಠ

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯವೇ ವಿದ್ಯುದಾವೇಶ ಮತ್ತು ವಿದ್ಯುತ್ ಕ್ಷೇತ್ರ. ಅದನ್ನು ಕೈಗೆತ್ತಿಕೊಳ್ಳುವ ಜೂನ್ ತಿಂಗಳಲ್ಲಿ ಉಡುಪಿಗೆ ಮಳೆ ಹಿಡಿದಿರುತ್ತದೆ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುವ ಪ್ರಯೋಗವು ಬಯಲುಸೀಮೆಯಲ್ಲಿ ಸಲೀಸಾಗಿ ನಡೆದರೂ ಇಲ್ಲಿ ಕೈಕೊಡುತ್ತದೆ. ತೇವದ ಗಾಳಿಯೇ ಆವೇಶವನ್ನು ಒಯ್ಯುತ್ತದೆ ಎಂದು ಹಲವರು ಹೇಳುವುದುಂಟು. ಆದರೆ ಮುಖ್ಯವಾಗಿ, ಅವಾಹಕದ ಮೇಲ್ಮೈಯಲ್ಲಿ ಕೂರುವ ನೀರಿನ ತೆಳುಪದರದ ಮೂಲಕ ಆವೇಶವು ನಮ್ಮ ಕೈಗೆ ಸೋರಿಹೋಗುತ್ತದೆ. ಗಾಜಿಗೆ ಈ ಪದರ ಬೇಗ ಹತ್ತುವುದರಿಂದ ನಾನು ಗಾಜು ಮತ್ತು ರೇಷ್ಮೆಯ ಜೋಡಿಯನ್ನು ಬಿಟ್ಟು, ವೈರಿಂಗ್‌ಗೆ ಬಳಸುವ ಪಿವಿಸಿ ಪೈಪಿನ ತುಂಡನ್ನೂ ಉಣ್ಣೆಯ ಬಟ್ಟೆಯನ್ನೂ ಹಿಡಿದೆ. ಎರಡನ್ನೂ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಉಜ್ಜಿದರೆ ತುಳುವರ ಆಟಿ ತಿಂಗಳ ಮಳೆಯಲ್ಲೂ ಸ್ವಲ್ಪ ಹೊತ್ತು ಆವೇಶ ನಿಲ್ಲುತ್ತದೆ.

ಆ ಸ್ವಲ್ಪ ಹೊತ್ತಿನಲ್ಲಿ ಕ್ಷೇತ್ರದ, ಅಂದರೆ ಆವೇಶವೋ ಆಯಸ್ಕಾಂತವೋ ತನ್ನ ಸುತ್ತ ಬೀರುವ ಪ್ರಭಾವದ, ಕಲ್ಪನೆ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ನಾನು ಪಠ್ಯದ ಕ್ರಮವನ್ನು ತಿರುಗಿಸಿ, ತೇವಾಂಶದ ಹಂಗಿಲ್ಲದ ಕಾಂತಕ್ಷೇತ್ರದಿಂದ ಪಾಠ ಆರಂಭಿಸುತ್ತೇನೆ. ಪ್ರತಿಯೊಂದು ಬಿಂದುವಿನಲ್ಲೂ ಕ್ಷೇತ್ರಕ್ಕೆ ಒಂದು ದಿಕ್ಕು ಮತ್ತು ಒಂದು ಪರಿಮಾಣ ಇರುತ್ತದೆ ಎಂಬುದನ್ನು ದಿಕ್ಸೂಚಿಯಷ್ಟು ನೇರವಾಗಿ ತೋರಿಸುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿ ಬೇರೊಂದಿಲ್ಲ.

ವಿದ್ಯುತ್ ಪ್ರವಾಹ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಗಮನಿಸಿದ ಪ್ರಯೋಗವನ್ನೇ ನಾವು ಅಳತೆಯೊಂದಿಗೆ ಮಾಡುತ್ತೇವೆ. ನಮ್ಮ ಕರಾವಳಿಯಲ್ಲಿ ಭೂಮಿಯ ಕಾಂತಕ್ಷೇತ್ರದ ಸಮತಲ ಘಟಕ (ನೆಲಕ್ಕೆ ಸಮಾಂತರವಾದ ಭಾಗ) ಸುಮಾರು 40 ಮೈಕ್ರೋಟೆಸ್ಲಾ. ಉದ್ದನೆಯ ನೇರ ತಂತಿಯಲ್ಲಿ 2 ಆಂಪಿಯರ್ ಹರಿದಾಗ ಅದರಿಂದ 1 ಸೆಂಟಿಮೀಟರ್ ದೂರದಲ್ಲಿ ಉಂಟಾಗುವ ಕ್ಷೇತ್ರವೂ 40 ಮೈಕ್ರೋಟೆಸ್ಲಾ. ತಂತಿಯನ್ನು ಉತ್ತರ ದಕ್ಷಿಣವಾಗಿ ದಿಕ್ಸೂಚಿಯ ಮೇಲೆ ಎಳೆದು ಕಟ್ಟಿ, ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುವ ರಿಯೋಸ್ಟಾಟ್ ಹೊಂದಿಸಿದರೆ ಮುಳ್ಳು 45 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂತರವನ್ನು 2 ಸೆಂಟಿಮೀಟರ್‌ಗೆ ಏರಿಸಿದರೆ ಸುಮಾರು 27 ಡಿಗ್ರಿಗೆ ಇಳಿಯುತ್ತದೆ. ಕಬ್ಬಿಣದ ಕಾಲಿನ ಮೇಜನ್ನೂ ಮೇಷ್ಟ್ರ ಜೇಬಿನ ಮೊಬೈಲನ್ನೂ ದೂರವಿಟ್ಟರೆ ಲೆಕ್ಕವೂ ಮುಳ್ಳೂ ಚೆನ್ನಾಗಿಯೇ ಹೊಂದುತ್ತವೆ.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ತಂತಿಯನ್ನು ಪೂರ್ವ ಪಶ್ಚಿಮವಾಗಿ ಇಡುವುದು. ಪ್ರವಾಹವನ್ನು ಪೂರ್ವಕ್ಕೆ ಹರಿಸಿದಾಗ ತಂತಿಯ ಕೆಳಗಿನ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿ ಭೂಮಿಯ ಕ್ಷೇತ್ರವನ್ನು ಕೂಡಿಕೊಳ್ಳುತ್ತದೆ; ಮುಳ್ಳು ಅಲುಗುವುದಿಲ್ಲ, "ಸರ್, ಇದು ಕೆಲಸ ಮಾಡುತ್ತಿಲ್ಲ" ಎಂಬ ದೂರು ಬರುತ್ತದೆ. ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿದೊಡನೆ ಎರಡು ಕ್ಷೇತ್ರಗಳು ಬಹುಪಾಲು ರದ್ದಾಗಿ, ಮುಳ್ಳು ಎತ್ತ ನಿಲ್ಲಬೇಕೆಂದು ತಿಳಿಯದಂತೆ ಮೆಲ್ಲಗೆ ಓಲಾಡುತ್ತದೆ, ಬೆರಳಿನಿಂದ ತಟ್ಟಿದರೆ ತಟ್ಟಿದ ಕಡೆಗೇ ಹೊರಳುತ್ತದೆ. ಕ್ಷೇತ್ರಗಳನ್ನು ಸದಿಶಗಳಾಗಿ, ಅಂದರೆ ದಿಕ್ಕನ್ನೂ ಲೆಕ್ಕಕ್ಕೆ ಹಿಡಿದು, ಕೂಡಬೇಕು ಎಂಬುದಕ್ಕೆ ಆಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ.

ವಿದ್ಯುತ್ ಕ್ಷೇತ್ರಕ್ಕೆ ಬರುವುದು ಇದಾದ ಬಳಿಕ. ಅಲ್ಯೂಮಿನಿಯಂ ಹಾಳೆ ಸುತ್ತಿದ ಥರ್ಮೋಕೋಲ್ ಗುಂಡನ್ನು ನೈಲಾನ್ ನೂಲಿನಲ್ಲಿ ತೂಗುಬಿಟ್ಟು ಪೈಪನ್ನು ಸಮೀಪಕ್ಕೆ ತಂದರೆ, ಗುಂಡು ಧಾವಿಸಿ ಬಂದು ಮುಟ್ಟಿ, ಅದೇ ಬಗೆಯ ಆವೇಶ ಪಡೆದು ದೂರ ಸರಿಯುತ್ತದೆ. ಬೋರ್ಡಿನಲ್ಲಿ ಒಂದು ಲೆಕ್ಕ ಸಾಕು: 10 ನ್ಯಾನೋಕೂಲಂಬ್ ಬಿಂದು ಆವೇಶದಿಂದ 10 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ 9000 ನ್ಯೂಟನ್ ಪ್ರತಿ ಕೂಲಂಬ್, 20 ಸೆಂಟಿಮೀಟರ್‌ನಲ್ಲಿ 2250. ನೇರ ತಂತಿಯ ಕಾಂತಕ್ಷೇತ್ರವು ದೂರ ಎರಡರಷ್ಟಾದಾಗ ಅರ್ಧಕ್ಕೆ ಇಳಿದರೆ, ಬಿಂದು ಆವೇಶದ ಕ್ಷೇತ್ರ ಕಾಲುಭಾಗಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಉಜ್ಜಿದ ಪೈಪನ್ನು ದಿಕ್ಸೂಚಿಯ ಬಳಿ ತಂದರೂ ಮುಳ್ಳು ತಿರುಗುತ್ತದೆ, ಹಾಗಾದರೆ ನಿಶ್ಚಲ ಆವೇಶಕ್ಕೂ ಕಾಂತಕ್ಷೇತ್ರ ಇದೆಯೇ ಎಂದು ಚುರುಕಾದ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಮುಳ್ಳಿನ ಎರಡೂ ತುದಿಗಳನ್ನು ಒಂದೊಂದಾಗಿ ಪರೀಕ್ಷಿಸಲು ನಾನು ಹೇಳುತ್ತೇನೆ. ಆಯಸ್ಕಾಂತವಾಗಿದ್ದರೆ ಒಂದನ್ನು ಎಳೆದು ಇನ್ನೊಂದನ್ನು ತಳ್ಳುತ್ತಿತ್ತು. ಪೈಪು ಎರಡನ್ನೂ ಎಳೆಯುತ್ತದೆ, ಏಕೆಂದರೆ ಲೋಹದ ಮುಳ್ಳಿನಲ್ಲಿ ಅದು ವಿರುದ್ಧ ಆವೇಶವನ್ನು ಸಮೀಪದ ತುದಿಗೆ ಸೆಳೆಯುತ್ತದೆ. ಬಳಿಕ ನೋಡಲು ಒಂದು ಸಣ್ಣ ಕಿಂಡಿ ಮಾತ್ರ ಬಿಟ್ಟು ದಿಕ್ಸೂಚಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದರೆ, ಪೈಪನ್ನು ಎಷ್ಟು ಆಡಿಸಿದರೂ ಮುಳ್ಳು ಮಿಸುಕದು, ತಂತಿಯಲ್ಲಿ ಪ್ರವಾಹ ಹರಿಸಿದಾಗ ಮಾತ್ರ ಮೊದಲಿನಂತೆಯೇ ತಿರುಗುತ್ತದೆ: ಹಾಳೆ ತಡೆಯುವುದು ವಿದ್ಯುತ್ ಕ್ಷೇತ್ರವನ್ನು, ಕಾಂತಕ್ಷೇತ್ರವನ್ನಲ್ಲ.