ವೈರ್ ಯಾರ ಕೈಲಿತ್ತು

ನಾನು ಪಿಸಿಎಂ ಮೇಷ್ಟ್ರು. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಾ ಹದಿನೇಳು ವರ್ಷ ಆಯಿತು. ಹುಡುಗ ಹುಡುಗಿ ಅಂತ ಭೇದ ಮಾಡುವ ಮನುಷ್ಯ ನಾನಲ್ಲ ಅಂತಲೇ ಅಂದುಕೊಂಡಿದ್ದೆ. ನನಗೇ ಇಬ್ಬರು ಹೆಣ್ಣುಮಕ್ಕಳು, ನನಗೆ ಯಾರು ಏನು ಹೇಳುವುದು ಅನ್ನುವ ಗತ್ತೂ ಇತ್ತು.

ಆ ಗತ್ತು ಇಳಿಸಿದ್ದು ಒಂದು ಹಾಳೆ. ಬಿ.ಎಡ್ ಓದುತ್ತಿದ್ದ ಹುಡುಗಿಯೊಬ್ಬಳು ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡಿ ಟಿಪ್ಪಣಿ ಬರೆಯುವುದು ಅವಳ ಕೆಲಸ. ನನ್ನ ತ್ರಿಕೋನಮಿತಿ ಬೋರು ಹೊಡೆದಿರಬೇಕು, ನಾನು ಯಾರಿಗೆ ಎಷ್ಟು ಪ್ರಶ್ನೆ ಕೇಳುತ್ತೇನೆ ಅಂತ ಗೀಟು ಹಾಕುತ್ತಾ ಕೂತಿದ್ದಾಳೆ. ಪಿರಿಯಡ್ ಮುಗಿದ ಮೇಲೆ ಸಂಕೋಚದಿಂದಲೇ ತೋರಿಸಿದಳು. ಒಟ್ಟು 31 ಪ್ರಶ್ನೆ. ಹುಡುಗರಿಗೆ 24, ಹುಡುಗಿಯರಿಗೆ 7. ಆ ಕ್ಲಾಸಿನಲ್ಲಿ ಹುಡುಗಿಯರೇ ಜಾಸ್ತಿ, 26 ಜನ. ಹುಡುಗರು 22. ಆ ಏಳರಲ್ಲೂ ನಾಲ್ಕು "ಅರ್ಥ ಆಯ್ತೇನಮ್ಮಾ?" ಅನ್ನುವ ಜಾತಿಯವು. ಹೂಂ ಅಂದರೆ ಮುಗೀತು.

"ಹುಡುಗರು ಕೈ ಎತ್ತುತ್ತಾರಲ್ಲಮ್ಮಾ" ಅಂದೆ. "ಹೌದು ಸಾರ್" ಅಂದಳು. ಬೇರೇನೂ ಹೇಳಲಿಲ್ಲ. ವಾದ ಮಾಡಿದ್ದರೆ ನಾನೂ ಮಾಡುತ್ತಿದ್ದೆ. ಅವಳು ಹೌದು ಅಂದಿದ್ದಕ್ಕೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನದೇ ಹಳೇ ಮಾತುಗಳು ಒಂದೊಂದಾಗಿ ನೆನಪಾದವು. ಪೋಷಕರ ಸಭೆಯಲ್ಲಿ, ಗಣಿತದಲ್ಲಿ 96 ತೆಗೆದ ಹುಡುಗಿಯ ಅಮ್ಮನಿಗೆ "ಪಾಪ, ತುಂಬಾ ಕಷ್ಟಪಟ್ಟು ಓದ್ತಾಳೆ" ಅಂದಿದ್ದೆ. 58ರ ಹುಡುಗನ ಅಪ್ಪನಿಗೆ "ತಲೆ ಇದೆ, ಸೋಮಾರಿ ಅಷ್ಟೆ". ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಪೇಪರಿನಲ್ಲಿ "ಬಾಲಕಿಯರೇ ಮೇಲುಗೈ" ಅನ್ನುವ ಹೆಡ್ಡಿಂಗು ಗ್ಯಾರಂಟಿ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ, "ಉರು ಹೊಡೀತಾರೆ ಬಿಡಿ" ಅಂತ ಪೇಪರ್ ಮಡಚಿ ಇಡುತ್ತಿದ್ದೆವು. ಅಂಕ ಎಷ್ಟೇ ಬರಲಿ, ನಮ್ಮ ನಂಬಿಕೆಗೆ ಮಾತ್ರ ಏಟು ಬೀಳುತ್ತಿರಲಿಲ್ಲ. ಹುಡುಗಿ ಗೆದ್ದರೆ ಅದು ದುಡಿಮೆ. ಹುಡುಗ ಸೋತರೂ ಅವನಲ್ಲಿ ಬುದ್ಧಿ ಇದ್ದೇ ಇದೆ.

ಸರಿ ಮಾಡೋಣ ಅಂತ ಹೊರಟು ಮೊದಲು ಮಾಡಿದ್ದು ಎಡವಟ್ಟೇ. ಮರುದಿನ ಕ್ಲಾಸಿಗೆ ಹೋಗಿ, "ಇನ್ಮೇಲೆ ಹುಡುಗಿಯರೇ ಬೋರ್ಡಿಗೆ ಬರಬೇಕು" ಅಂತ ಡಂಗುರ ಸಾರಿದೆ. ಪೈಥಾಗೊರಸ್ ಪ್ರಮೇಯ ಬರೆಯಲು ಒಬ್ಬಳನ್ನು ಕರೆದೆ. ಚಾಕ್ ಹಿಡಿದು ನಿಂತಳು. ಹುಡುಗರ ಸಾಲಿನಿಂದ ಕಿಸಕ್ ಅಂತ ನಗು ಬಂತು. ಬಲಕ್ಕೆ ತಿರುಗಿದವಳು ಬೋರ್ಡಿಗೆ ತಿರುಗಲೇ ಇಲ್ಲ. ಮರುದಿನ ಅವಳೂ ಬರಲಿಲ್ಲ, ಅವಳ ಪಕ್ಕದವಳೂ ಬರಲಿಲ್ಲ.

ಆಮೇಲೆ ಡಂಗುರ ಬಿಟ್ಟೆ. 48 ಐಸ್‌ಕ್ರೀಮ್ ಕಡ್ಡಿ ತಂದು ಒಂದೊಂದರ ಮೇಲೂ ಒಂದು ರೋಲ್ ನಂಬರ್ ಬರೆದು ಡಬ್ಬಿಗೆ ಹಾಕಿದೆ. ಮೊದಲು ಪ್ರಶ್ನೆ, ಆಮೇಲೆ ಇಬ್ಬಿಬ್ಬರು ಮಾತಾಡಿಕೊಳ್ಳಲು ಒಂದು ನಿಮಿಷ, ಆಮೇಲೆ ಕಡ್ಡಿ. ಕಡ್ಡಿ ಎತ್ತಿದ ಮೇಲೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಕಷ್ಟದ ಕೆಲಸ ಇದೇ. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಒಂದು ಸೆಕೆಂಡಿನಷ್ಟೂ ಸರಿಯಾಗಿ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರವೇ ಉದ್ದ ಆಗುತ್ತದೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಪ್ಪತ್ತರ ದಶಕದಲ್ಲೇ ತೋರಿಸಿದ್ದರು. ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿಯಲ್ಲಿ ಕೇಳಿದ್ದೆ, ಟೀ ಜೊತೆ ಮರೆತಿದ್ದೆ. ನಾನು ಹುಡುಗರಿಗಾದರೆ ಕಾಯುತ್ತಿದ್ದೆ. ಹುಡುಗಿ ತಡವರಿಸಿದರೆ ಮುಜುಗರ ಆಗದಿರಲಿ ಅಂತ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ನನ್ನ ಲೆಕ್ಕದಲ್ಲಿ ಅದು ಕನಿಕರ. ಈಗ ಮನಸ್ಸಿನಲ್ಲೇ ಐದರ ತನಕ ಎಣಿಸುತ್ತೇನೆ. ಮೊದಮೊದಲು ಆ ಐದು ಎಣಿಸುವಷ್ಟರಲ್ಲಿ ಬೆವರು ಬರುತ್ತಿತ್ತು, ಅವಳಿಗಲ್ಲ, ನನಗೆ.

ಪ್ರಶ್ನೆ ಪಾಲಾದರೂ ಪ್ರಯೋಗದ ಟೇಬಲ್ ಹಾಗೇ ಇತ್ತು. ಕರೆಂಟು ಅಳೆಯುವ ಅಮ್ಮೀಟರುಗಳಲ್ಲಿ ನಮ್ಮಲ್ಲಿ ಕೆಲಸ ಮಾಡುವವು ಮೂರೇ. ಓಮ್ ನಿಯಮದ ಪ್ರಯೋಗ ಅಂದರೆ ಹುಡುಗರು ವೈರ್ ಹಿಡಿಯುವುದು, ಹುಡುಗಿಯರು ಪಕ್ಕದಲ್ಲಿ ನಿಂತು ರೀಡಿಂಗ್ ಬರೆಯುವುದು. ಯಾರೂ ಹೇಳಿಕೊಟ್ಟಿದ್ದಲ್ಲ. ಅಕ್ಷರ ಮುದ್ದಾಗಿದೆ ಅಂತ ರೆಕಾರ್ಡ್ ಅವರ ಪಾಲಿಗೆ. ಸಾಮಾನು ಎತ್ತಿಕೊಡುವಾಗ ನನ್ನ ಕೈಯೂ ಸೀದಾ ಹುಡುಗರ ಕಡೆಗೇ ಹೋಗುತ್ತಿತ್ತು. ನಾನೇ ಗಮನಿಸಿ ನೋಡಿದೆ, ಹೌದು.

ಅದಕ್ಕೇ ಗುಂಪಿನಲ್ಲಿ ಮೂರು ಕೆಲಸ ಮಾಡಿದೆ: ಕೈ, ಕಣ್ಣು, ಪೆನ್ನು. ಕೈ ಜೋಡಿಸುತ್ತದೆ, ಕಣ್ಣು ಮುಳ್ಳು ಓದುತ್ತದೆ, ಪೆನ್ನು ಬರೆಯುತ್ತದೆ. ಪ್ರತಿ ರೀಡಿಂಗಿಗೂ ಬದಲಾಗಬೇಕು. "ಕೈ" ಆದವರನ್ನು ಬಿಟ್ಟು ಬೇರೆಯವರು ವೈರ್ ಮುಟ್ಟಿದರೆ ಆ ರೀಡಿಂಗ್ ರದ್ದು. ಹುಡುಗ ಹುಡುಗಿ ಬೆರೆಸಿದ ಗುಂಪಿನಲ್ಲಿ ಇದೂ ನಡೆಯಲಿಲ್ಲ. "ಹಂಗಲ್ಲ ಕಣೇ, ಕೊಡಿಲ್ಲಿ" ಅಂತ ಕಿತ್ತುಕೊಳ್ಳುತ್ತಿದ್ದರು. ಕೊನೆಗೆ ಮೊದಲ ಆರು ವಾರ ಹುಡುಗಿಯರದೇ ಬೇರೆ ಗುಂಪು ಮಾಡಿದೆ. ಬೇರೆ ಮಾಡುವುದು ತಪ್ಪು ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಇರಬಹುದು. ನನಗೆ ಕೆಲಸಕ್ಕೆ ಬಂದಿದ್ದು ಅದೇ.

ಒಂದು ದಿನ ಒಂದು ಗುಂಪಿನಲ್ಲಿ "ಕೈ" ಆದವಳು ಅಮ್ಮೀಟರನ್ನು ಸರಣಿಯಲ್ಲಿ ಹಾಕುವ ಬದಲು ನಿಕ್ರೋಮ್ ತಂತಿಗೆ ಸಮಾಂತರವಾಗಿ ಜೋಡಿಸಿದಳು. ಪ್ಲಗ್ ಕೀ ಒತ್ತಿದಳು. ಮುಳ್ಳು ಪಟ್ ಅಂತ ಕೊನೆಗೆ ಹೋಗಿ ಬಡಿಯಿತು. ಮೂರರಲ್ಲಿ ಒಂದು ಹೋದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದೆ ಕೈ ಚಾಚಬೇಕು. ಎರಡು ಹೆಜ್ಜೆ ಮುಂದೆ ಇಟ್ಟುಬಿಟ್ಟಿದ್ದೆ. ನಿಂತೆ. ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವಳೇ ಗಾಬರಿಯಾಗಿ ಕೀ ಕಿತ್ತಳು. ವೈರ್ ಮೇಲೆ ಬೆರಳಿಟ್ಟು ಬ್ಯಾಟರಿಯಿಂದ ದಾರಿ ಹುಡುಕಿಕೊಂಡು ಬಂದಳು. "ಕರೆಂಟು ತಂತೀಲಿ ಹೋಗೋದು ಬಿಟ್ಟು ಮೀಟರಲ್ಲೇ ಓಡ್ತಾ ಇದೆ" ಅಂದಳು, ನನಗಲ್ಲ, ಪಕ್ಕದವಳಿಗೆ. ಬಿಚ್ಚಿ ಮತ್ತೆ ಜೋಡಿಸಿದಳು. ಈ ಸಲ ಮುಳ್ಳು ನಿಧಾನಕ್ಕೆ ಎದ್ದು ಅರ್ಧಕ್ಕೆ ಬಂದು ನಿಂತಿತು. ಅಮ್ಮೀಟರಿನ ರೋಧ ತೀರಾ ಕಡಿಮೆ ಅಂತ ನಾನು ಬೋರ್ಡಿನಲ್ಲಿ ಎಷ್ಟು ವರ್ಷ ಬರೆಸಿದ್ದೇನೋ! ಯಾರೂ ಹೀಗೆ ಹೇಳಿರಲಿಲ್ಲ.

ಒಮ್ಮೆ ಒಂಬತ್ತನೇ ಕ್ಲಾಸಿಗೆ "ಒಬ್ಬ ವಿಜ್ಞಾನಿಯ ಚಿತ್ರ ಬರೀರಿ" ಅಂದೆ. ಗಡ್ಡ, ಕನ್ನಡಕ, ಕೋಟು, ಹೊಗೆ ಬರುವ ಬಾಟಲಿ. ಸೀರೆ ಉಟ್ಟವರು ಇಬ್ಬರೇ. ಇದು ನಾನು ಕಂಡುಹಿಡಿದ ಆಟವಲ್ಲ. ಡೇವಿಡ್ ಚೇಂಬರ್ಸ್ ಅನ್ನುವವರು 1983ರಲ್ಲಿ 4,807 ಮಕ್ಕಳ ಚಿತ್ರಗಳ ಲೆಕ್ಕ ಪ್ರಕಟಿಸಿದ್ದರು. ಅದರಲ್ಲಿ ಹೆಣ್ಣು ವಿಜ್ಞಾನಿ ಇದ್ದಿದ್ದು 28ರಲ್ಲಿ. ಆ 28ನ್ನೂ ಬರೆದವರು ಹುಡುಗಿಯರೇ. (ಈಗ ಯೋಚಿಸಿದರೆ "ಒಬ್ಬ ವಿಜ್ಞಾನಿ" ಅಂತ ಹೇಳಿ ನಾನೇ ಅರ್ಧ ಚಿತ್ರ ಬರೆದುಕೊಟ್ಟಿದ್ದೆ, ಅಲ್ವಾ?)

ಆ ವರ್ಷ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ರಾಮನ್ ಫೋಟೋಗೆ ಹಾರ ಹಾಕಿದ ಮೇಲೆ ಜೀವರಸಾಯನ ವಿಜ್ಞಾನಿ ಕಮಲಾ ಸೋಹೊನಿ ಕಥೆ ಹೇಳಿದೆ. 1933ರಲ್ಲಿ ಬಾಂಬೆಯಿಂದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಐಐಎಸ್‌ಸಿ) ಬಂದ ಹುಡುಗಿ. ಹೆಣ್ಣು ಅನ್ನುವ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬೇಡ ಅಂದರು. ಕಮಲಾ ಹಟ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ, ಷರತ್ತು ಹಾಕಿ ಸೇರಿಸಿಕೊಂಡರು. ಕಮಲಾ ಹಾಲು, ಬೇಳೆಕಾಳಿನ ಪ್ರೋಟೀನ್ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಡ್ಜಿನ ಪಿಎಚ್.ಡಿ ಪಡೆದರು. ಹಿಂದಿನ ಸಾಲಿನ ಹುಡುಗ ಎದ್ದು ನಿಂತು ಕೇಳಿದ: "ಅಷ್ಟು ದೊಡ್ಡೋರಿಗೆ ಅದು ಗೊತ್ತಾಗ್ಲಿಲ್ವಾ ಸಾರ್?" ಡಬ್ಬಿಯಲ್ಲಿದ್ದ ಕಡ್ಡಿಗಳನ್ನು ನೋಡುತ್ತಾ ನಿಂತೆ. ನಾನೂ ಐದರ ತನಕ ಎಣಿಸಿಕೊಂಡೆ.

ಈಗಲೂ ತಿಂಗಳಿಗೊಮ್ಮೆ ಯಾರಾದರೂ ಮಗುವಿಗೆ ಗೀಟು ಹಾಕಲು ಹೇಳುತ್ತೇನೆ. ಸಿಲಬಸ್ ಮುಗಿಸುವ ಆತುರದಲ್ಲಿ, ಜನವರಿಯಲ್ಲಿ, ಲೆಕ್ಕ ಮತ್ತೆ ಹುಡುಗರ ಕಡೆ ವಾಲುತ್ತದೆ.

ಅಮ್ಮೀಟರಿನ ಹುಡುಗಿಯ ಅಪ್ಪ ಟಿಸಿ ತೆಗೆದುಕೊಳ್ಳಲು ಬಂದಿದ್ದರು. ಕಷ್ಟಪಟ್ಟು ಓದ್ತಾಳೆ ಅನ್ನಲಿಲ್ಲ. "ತಲೆ ಚುರುಕಿದೆ, ಕೈಯೂ ಚುರುಕಿದೆ, ಪಿಯುಸಿಗೆ ಸೈನ್ಸ್ ಕೊಡಿಸಿ" ಅಂದೆ. ಅವರು ತಲೆ ಆಡಿಸಿದರು. ಸೈನ್ಸ್ ಇರುವ ಕಾಲೇಜು ತಾಲ್ಲೂಕು ಕೇಂದ್ರದಲ್ಲಿ. "ಲ್ಯಾಬ್ ಎಷ್ಟೊತ್ತಿಗೆ ಬಿಡ್ತಾರೆ ಸಾರ್?" ನಾಲ್ಕೂವರೆ. "ನಮ್ಮೂರ ಬಸ್ಸು ನಾಲ್ಕೂ ಹತ್ತಕ್ಕೆ. ಆಮೇಲೆ ಏಳಕ್ಕೇ ಇರೋದು." ಹುಡುಗಿ ಪಕ್ಕದ ಹೋಬಳಿಯ ಕಾಲೇಜಿನಲ್ಲಿ ಕಾಮರ್ಸ್ ಸೇರಿದಳು.

ಬಸ್ಸಿನ ಟೈಮು ಇಪ್ಪತ್ತೈದು ನಿಮಿಷ ಮುಂದಕ್ಕೆ ಹಾಕಿ ಅಂತ ಹೆಡ್‌ಮಾಸ್ಟರು, ನಾನು ಸೇರಿ ಅರ್ಜಿ ಬರೆದು ಡಿಪೋಗೆ ಕೊಟ್ಟು ಬಂದೆವು. ಉತ್ತರ ಬಂದಿಲ್ಲ. ಈ ಸಲ ಪೋಷಕರ ಸಹಿ ಹಾಕಿಸುತ್ತಿದ್ದೇವೆ, 31 ಆಗಿದೆ.